ಎರಡು ಖಾತೆಗಳ ನಡುವೆ ಒಂದು ಚೆಕ್

2025ರ ಡಿಸೆಂಬರ್ 31, ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿರುವ ಕಚೇರಿಗೆ ಒಂದು ಲಕೋಟೆ ಬಂತು. ಒಳಗೆ ಒಂದೂವರೆ ಲಕ್ಷ ಡಾಲರ್‌ನ ಚೆಕ್, ಅದಕ್ಕೆ ಪಿನ್ ಹೊಡೆದ ಕೈಬರಹದ ಪತ್ರ. ಬಾಡಿಗೆದಾರರ ಪರವಾಗಿ ದುಡಿಯುವ, ಮನೆಮನೆಗೆ ಹೋಗಿ ಮತದಾರರ ನೋಂದಣಿ ಮಾಡಿಸುವ ಸಂಘಟನೆಗೆ ಇದು ಸಣ್ಣ ಮೊತ್ತವಲ್ಲ. ಆದರೂ ಚೆಕ್ಕನ್ನು ಬ್ಯಾಂಕಿಗೆ ಕಳಿಸದೆ ಮೇಜಿನ ಮೇಲೇ ಇಟ್ಟುಕೊಂಡೆವು. ಮುಂದಿನ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಇಂಥ ಸದಸ್ಯ ಸೋಲಬೇಕು, ಈ ಹಣ ಅದಕ್ಕೇ ಎಂದು ದಾನಿ ಪತ್ರದ ಕೊನೆಯಲ್ಲಿ ಬರೆದಿದ್ದರು.

ಇಲ್ಲಿನ ಪ್ರಗತಿಪರ ಸಂಘಟನೆಗಳಲ್ಲಿ ಹಲವು, ಹೊರಗಿನಿಂದ ಒಂದೇ ಎಂದು ಕಂಡರೂ ಕಾನೂನಿನ ಕಣ್ಣಿಗೆ ಎರಡು. ತೆರಿಗೆ ಸಂಹಿತೆಯ ಕಲಮುಗಳ ಹೆಸರಿನಲ್ಲೇ ಹೇಳುವುದಾದರೆ ಒಂದು 501(ಸಿ)(3), ಅಂದರೆ ದತ್ತಿ ಸಂಸ್ಥೆ; ಇನ್ನೊಂದು 501(ಸಿ)(4), ಅಂದರೆ ಸಮಾಜ ಕಲ್ಯಾಣ ಸಂಸ್ಥೆ. ಕಚೇರಿಯ ಮಾತಿನಲ್ಲಿ ಸಿ-ತ್ರೀ, ಸಿ-ಫೋರ್. ಸಿ-ತ್ರೀಗೆ ಕೊಟ್ಟ ಹಣಕ್ಕೆ ದಾನಿಗೆ ತೆರಿಗೆ ವಿನಾಯಿತಿ ಉಂಟು. ಆದರೆ ಅದರ ಒಂದು ಡಾಲರ್ ಕೂಡ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಖರ್ಚಾಗಕೂಡದು. ಸಿ-ಫೋರ್‌ಗೆ ಕೊಟ್ಟರೆ ವಿನಾಯಿತಿ ಇಲ್ಲ. ಅದು ಚುನಾವಣೆಯಲ್ಲಿ ಕೈಹಾಕಬಹುದು, ಅದೇ ಮುಖ್ಯ ಕೆಲಸ ಆಗಬಾರದು ಅಷ್ಟೇ. ಖಾತೆ ಬೇರೆ, ಆಡಳಿತ ಮಂಡಳಿ ಬೇರೆ. ಕಚೇರಿಯ ಬಾಡಿಗೆ, ಪ್ರಿಂಟರಿನ ಕಾಗದ, ಸಿಬ್ಬಂದಿಯ ಗಂಟೆಗಳು ಎಲ್ಲವೂ ಎರಡು ಪಾಲಾಗಿ ಲೆಕ್ಕಕ್ಕೆ ಹೋಗಬೇಕು. ಹಣ ತಪ್ಪು ಲೆಕ್ಕಕ್ಕೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಅಮೆರಿಕಾ ಕಮಿಂಗ್ ಟುಗೆದರ್. ಜಾರ್ಜ್ ಸೊರೋಸ್‌ರಂಥವರ ದೊಡ್ಡ ದೇಣಿಗೆಯಿಂದ 2004ರ ಚುನಾವಣೆಯಲ್ಲಿ ಓಡಾಡಿದ ಗುಂಪು ಅದು. ಒಬ್ಬರಿಂದ ಇಷ್ಟೇ ಪಡೆಯಬೇಕೆಂಬ ಮಿತಿಯೊಳಗಿನ ಹಣದಿಂದ ಮಾಡಬೇಕಿದ್ದ ಖರ್ಚನ್ನು ಮಿತಿಯಿಲ್ಲದ ಹಣದ ಲೆಕ್ಕಕ್ಕೆ ಹಾಕಿತ್ತೆಂದು 2007ರಲ್ಲಿ ಫೆಡರಲ್ ಚುನಾವಣಾ ಆಯೋಗಕ್ಕೆ 7,75,000 ಡಾಲರ್ ದಂಡ ಕಟ್ಟಬೇಕಾಯಿತು. ಅಷ್ಟರಲ್ಲಿ ಗುಂಪೇ ಬಾಗಿಲು ಮುಚ್ಚಿತ್ತು.

ಮೇಜಿನ ಮೇಲಿದ್ದ ಚೆಕ್ ನಮ್ಮ ಸಿ-ತ್ರೀ ಹೆಸರಿಗೆ ಬಂದದ್ದು. ಅದು ದಾನಿಯ ಸ್ವಂತ ಖಾತೆಯದಲ್ಲ, ಡೋನರ್ ಅಡ್ವೈಸ್ಡ್ ಫಂಡಿನದು. ಈ ನಿಧಿಗೆ ಹಣ ಹಾಕಿದ ದಿನವೇ ದಾನಿಗೆ ತೆರಿಗೆ ವಿನಾಯಿತಿ ಸಿಕ್ಕಿಬಿಟ್ಟಿರುತ್ತದೆ. ಆಮೇಲೆ ಹಣ ನಿಧಿಯದು, ಯಾರಿಗೆ ಕೊಡಬೇಕೆಂದು ದಾನಿ ಸಲಹೆ ಕೊಡಬಹುದು ಮಾತ್ರ. ಆದ್ದರಿಂದ ಇಂಥ ಚೆಕ್ಕಿಗೆ ಡಿಸೆಂಬರ್ 31ರ ಗಡಿಬಿಡಿ ಇಲ್ಲವೇ ಇಲ್ಲ. ವಾಪಸ್ ಹೋಗಿ ಜನವರಿಯಲ್ಲಿ ಬಂದರೂ ದಾನಿಗೆ ನಷ್ಟವಿಲ್ಲ. ಇದು ಗೊತ್ತಿಲ್ಲದೆ, ವರ್ಷ ಮುಗಿಯುತ್ತಿದೆ ಎಂದು ಹೆದರಿ ಜಮಾ ಮಾಡಿಬಿಡುವವರನ್ನು ಕಂಡಿದ್ದೇವೆ. ಪತ್ರವನ್ನು ಹರಿದುಹಾಕಿ ಚೆಕ್ ಮಾತ್ರ ಇಟ್ಟುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಹಣದ ಉದ್ದೇಶ ತಿಳಿದ ಮೇಲೆ ತಿಳಿಯಲಿಲ್ಲ ಎನ್ನುವಂತಿಲ್ಲ.

ಒಂಬತ್ತೂವರೆಗೆ ದಾನಿಯ ಸಲಹೆಗಾರರಿಗೆ ಫೋನ್ ಮಾಡಿದೆವು. ಚುನಾವಣೆಯ ಕೆಲಸಕ್ಕೇ ಕೊಡಬೇಕೆಂದಿದ್ದರೆ ವಿನಾಯಿತಿ ಪಡೆಯದ ಹಣ ಸಿ-ಫೋರ್‌ಗೆ ಬರಬೇಕು ಎಂದು ವಿವರಿಸಿದಾಗ ಅವರು ಷೇರು ಕೊಡಬಹುದೇ ಎಂದು ಕೇಳಿದರು. ಬಹಳ ವರ್ಷಗಳ ಹಿಂದೆ ಹತ್ತು ಸಾವಿರಕ್ಕೆ ಕೊಂಡದ್ದು, ಈಗ ಒಂದು ಲಕ್ಷ ಡಾಲರ್ ಬೆಲೆ. ಸಿ-ಫೋರ್‌ಗೆ ಷೇರು ಕೊಟ್ಟರೆ ವಿನಾಯಿತಿ ಇಲ್ಲದಿದ್ದರೂ ಲಾಭದ ಮೇಲಿನ ತೆರಿಗೆ ದಾನಿಗೆ ತಗಲುವುದಿಲ್ಲ. 2015ರ ಕೊನೆಯಲ್ಲಿ ಬಂದ ಕಾನೂನಿನಿಂದ ಉಡುಗೊರೆ ತೆರಿಗೆಯೂ ಇಲ್ಲ.

ತೊಡಕು ಇರುವುದು ಪಡೆಯುವವರ ಕಡೆ. ದಾನಿ ಕೊಂಡ ಬೆಲೆಯೇ ಸಿ-ಫೋರ್‌ಗೂ ಕೊಂಡ ಬೆಲೆ. ಮಾರಿದಾಗ ಬರುವ 90,000 ಡಾಲರ್ ಲಾಭ ಹೂಡಿಕೆಯ ಆದಾಯ ಎನಿಸುತ್ತದೆ. ತೆರಿಗೆ ಸಂಹಿತೆಯ 527(ಎಫ್) ಕಲಮಿನ ಪ್ರಕಾರ, ಒಂದು ವರ್ಷದ ಹೂಡಿಕೆ ಆದಾಯ ಮತ್ತು ಅದೇ ವರ್ಷ ಅಭ್ಯರ್ಥಿಗಳ ಚುನಾವಣೆಗೆ ಮಾಡಿದ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಶೇ. 21 ತೆರಿಗೆ. 2026ರಲ್ಲಿ ಚುನಾವಣೆಗೆಂದು ತೆಗೆದಿಟ್ಟ ಅಂದಾಜು 60,000. ಷೇರನ್ನು ಜನವರಿಯಲ್ಲಿ ಮಾರಿದ್ದರೆ ಸುಮಾರು 12,600 ಡಾಲರ್ ತೆರಿಗೆಗೆ ಹೋಗುತ್ತಿತ್ತು. 2025ರಲ್ಲಿ ಅಭ್ಯರ್ಥಿಗಳಿಗಾಗಿ ಏನೂ ಖರ್ಚು ಮಾಡಿರಲಿಲ್ಲ. ಹಾಗಾಗಿ ಅಂದೇ ಬಂದು ಅಂದೇ ಮಾರಾಟವಾದರೆ ತೆರಿಗೆ ಸೊನ್ನೆ. ಮಾರಿದ ದಿನವೇ ಲೆಕ್ಕಕ್ಕೆ ಬರುವುದು, ಹಣ ಕೈಸೇರುವ ದಿನವಲ್ಲ.

ನ್ಯೂಯಾರ್ಕ್ ಷೇರುಪೇಟೆ ಮುಚ್ಚುವುದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಒಂದಕ್ಕೆ. ಬೇರೆ ಬೇರೆ ಬ್ರೋಕರ್‌ಗಳ ನಡುವೆ ಷೇರು ದಾಟಲು ದಿನಗಳೇ ಬೇಕು. ಎರಡೂ ಖಾತೆ ಒಂದೇ ಬ್ರೋಕರ್ ಬಳಿ ಇದ್ದದ್ದರಿಂದ ಆವತ್ತು ಬಚಾವಾದೆವು. ಮೊದಲ ಅರ್ಜಿ ತಿರಸ್ಕೃತವಾಯಿತು. ಸಿ-ಫೋರ್ ಖಾತೆ ಸಂಖ್ಯೆಯ ಬದಲು ಸಿ-ತ್ರೀಯದನ್ನು ಬರೆದಿದ್ದರು. ಎರಡು ಸಂಸ್ಥೆಗಳ ಹೆಸರಿನಲ್ಲಿ ಒಂದೇ ಒಂದು ಪದ ವ್ಯತ್ಯಾಸ, ಈ ಎಡವಟ್ಟು ಪದೇ ಪದೇ ಆಗುತ್ತದೆ. ಹೆಸರಿನ ಜೊತೆ ಒಂಬತ್ತು ಅಂಕಿಯ ತೆರಿಗೆ ಗುರುತಿನ ಸಂಖ್ಯೆಯನ್ನೂ ತಾಳೆ ನೋಡಿಸುವುದೇ ಇದಕ್ಕೆ ಮದ್ದು. ಷೇರು 12:20ಕ್ಕೆ ಖಾತೆಗೆ ಬಂತು, 12:34ಕ್ಕೆ ಮಾರಾಟವಾಯಿತು.

ಅದರ ನಡುವೆಯೇ ಸನ್ನಿವೇಲ್‌ನಿಂದ ಕನ್ನಡದ ಹುಡುಗನೊಬ್ಬನ ಫೋನ್. "ಅಕ್ಕಾ, ನಾನಿನ್ನೂ ಎಚ್-1ಬಿ. ಅಭ್ಯರ್ಥಿಗೆ ಐನೂರು ಡಾಲರ್ ಕೊಡಬಹುದಾ?" ಕೊಡುವಂತಿಲ್ಲ. ಅಭ್ಯರ್ಥಿಗೂ ಇಲ್ಲ, ಪಕ್ಷಕ್ಕೂ ಇಲ್ಲ, ಅಭ್ಯರ್ಥಿಯಿಂದ ದೂರವಿದ್ದು ಮಿತಿಯಿಲ್ಲದೆ ಚುನಾವಣೆಗೆ ಖರ್ಚು ಮಾಡುವ ಸೂಪರ್ ಪ್ಯಾಕ್‌ಗೂ ಇಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. 2025-26ರಲ್ಲಿ ಫೆಡರಲ್ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್ ಮಿತಿ. "ಹೆಂಡತಿಗೆ ಗ್ರೀನ್ ಕಾರ್ಡ್ ಇದೆಯಲ್ಲ, ಅವಳ ಹೆಸರಲ್ಲಿ ಹಾಕಿದರೆ?" ನಿನ್ನ ಹಣವನ್ನು ಅವಳ ಹೆಸರಲ್ಲಿ ಕೊಡುವುದು ಅಪರಾಧ ಕಣಪ್ಪ, ಅವಳು ತಾನೇ ತೀರ್ಮಾನಿಸಿ ತನ್ನ ದುಡ್ಡಲ್ಲಿ ಕೊಡಬೇಕು ಎಂದೆ. ಸಂಬಳವಿಲ್ಲದೆ ಸ್ವಯಂಸೇವಕನಾಗಿ ದುಡಿಯಲು ಅವನಿಗೆ ಅಡ್ಡಿಯಿಲ್ಲ. ಸಿ-ತ್ರೀ ಕೆಲಸಕ್ಕೆ ದಾನ ಕೊಡಲೂ ಅಡ್ಡಿಯಿಲ್ಲ.

ಮಧ್ಯಾಹ್ನದ ಮೇಲೆ ವರ್ಷಾಂತ್ಯದ ಮಾಮೂಲು ಓಟ. ಈ ಸಲ ಜೋರಾಗಿತ್ತು. 2026ರಿಂದ ದಾನದ ಲೆಕ್ಕ ತೋರಿಸುವವರಿಗೆ ಆದಾಯದ ಶೇ. 0.5 ದಾಟಿದ ಮೇಲಿನದಕ್ಕೆ ಮಾತ್ರ ವಿನಾಯಿತಿ, ಅತಿ ಶ್ರೀಮಂತರಿಗೆ ಡಾಲರಿಗೆ 37 ಸೆಂಟ್ ಬದಲು 35 ಸೆಂಟ್ ಉಳಿತಾಯ. ಅಂಚೆಯಲ್ಲಿ ಚೆಕ್ ಕಳಿಸುವವರಿಗೆಲ್ಲ ಒಂದೇ ಮಾತು ಹೇಳಿದೆವು: ಡಬ್ಬಿಗೆ ಹಾಕಬೇಡಿ, ಕೌಂಟರ್‌ಗೆ ಹೋಗಿ ಎದುರಿಗೇ ಇಂದಿನ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ಖಾಸಗಿ ಕೊರಿಯರ್‌ನಲ್ಲಿ ಕಳಿಸಿದರೆ ತಲುಪಿದ ದಿನವೇ ಲೆಕ್ಕ.

ದೊಡ್ಡ ದಾನಿಗಳ ಬಗ್ಗೆ ನಮಗಿರುವ ನಿಜವಾದ ಕೊರಗು ತೆರಿಗೆಯದಲ್ಲ, ಸಮಯದ್ದು. ಹಣ ಚುನಾವಣೆಯ ವರ್ಷದ ಬೇಸಿಗೆಯಲ್ಲಿ ಹೊಳೆಯಂತೆ ಬರುತ್ತದೆ, ನವೆಂಬರ್ ಮುಗಿದೊಡನೆ ಬತ್ತುತ್ತದೆ. ಆಗಸ್ಟ್‌ನಲ್ಲಿ ಸೇರಿಸಿಕೊಂಡ ನಲವತ್ತು ಜನರನ್ನು ಡಿಸೆಂಬರ್‌ನಲ್ಲಿ ಕಳಿಸಬೇಕು. ಆ ಬೀದಿಗಳ ಪರಿಚಯ, ಯಾವ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ, ಯಾರಿಗೆ ಮನೆ ಖಾಲಿ ಮಾಡಲು ನೋಟಿಸ್ ಬಂದಿದೆ ಎಂಬ ತಿಳಿವಳಿಕೆಯೆಲ್ಲ ಅವರೊಂದಿಗೇ ಹೋಗುತ್ತದೆ. 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಸೋತ ನಂತರ ಅದರ ಕಡೆಯ ಶ್ರೀಮಂತ ದಾನಿಗಳು 2005ರಲ್ಲಿ ಡೆಮಾಕ್ರಸಿ ಅಲಯನ್ಸ್ ಕಟ್ಟಿಕೊಂಡದ್ದು ಈ ರೋಗಕ್ಕೆ ಮದ್ದಾಗಿಯೇ. ಸದಸ್ಯರು ವರ್ಷಕ್ಕೆ ಕನಿಷ್ಠ ಎರಡು ಲಕ್ಷ ಡಾಲರ್ ಸಂಘಟನೆಗಳಿಗೆ ಕೊಡಬೇಕೆಂಬ ನಿಯಮ ಮಾಡಿಕೊಂಡರು. ಆ ಹಣ ಹೆಚ್ಚಾಗಿ ವಾಷಿಂಗ್ಟನ್‌ನ ಚಿಂತನ ಕೇಂದ್ರಗಳಿಗೆ, ದತ್ತಾಂಶ ಸಂಸ್ಥೆಗಳಿಗೆ ಹೋಯಿತು. ಬೀದಿ ಮಟ್ಟದ ಗುಂಪುಗಳಿಗೆ ಇನ್ನೂ ಹೆಚ್ಚು ಬರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಅದಕ್ಕೇ ಸಂಜೆ ನಾಲ್ಕಕ್ಕೆ ಚೆಕ್ ವಾಪಸ್ ಕಳಿಸುವಾಗ ಜೊತೆಗಿಟ್ಟ ಪತ್ರದಲ್ಲಿ ಎರಡು ವಿಷಯ ಬರೆದೆವು. ಒಂದು, ಪತ್ರದಲ್ಲಿ ಹೇಳಿದ ಉದ್ದೇಶಕ್ಕೆ ಸಿ-ತ್ರೀ ಈ ಹಣವನ್ನು ಪಡೆಯುವಂತಿಲ್ಲ. ಎರಡು, ಪಕ್ಷಭೇದವಿಲ್ಲದ ನೋಂದಣಿಗೆ, ಬಾಡಿಗೆದಾರರ ಕೆಲಸಕ್ಕೆ ಕೊಡುವ ಮನಸ್ಸಿದ್ದರೆ ಚುನಾವಣೆಯ ಷರತ್ತಿಲ್ಲದ ಸಾಮಾನ್ಯ ನೆರವಾಗಿ, ವರ್ಷಕ್ಕೆ 50,000ದಂತೆ ಮೂರು ವರ್ಷ ಕೊಡಬಹುದು. ಒಂದು ಪ್ರತಿಯನ್ನು ನಿಧಿಗೂ ಕಳಿಸಿದೆವು. ಚೆಕ್ಕಿನ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ, ದಾನಿಯ ಪತ್ರದೊಂದಿಗೆ ಕಡತಕ್ಕೆ ಸೇರಿಸಿ, ಲಕೋಟೆಗೆ ಅಂಟು ಹಚ್ಚಿದೆವು.