ಆ ಇಬ್ಬರು ಅಕ್ಕಂದಿರು

ಭಾನುವಾರ ಬೆಳಿಗ್ಗೆ ಅಮ್ಮ ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಗುಲಾಮಳಾಗಿ ಅಮೆರಿಕಕ್ಕೆ ಬಂದ ಮಟಿಲ್ಡಾ ಮೆಕ್ರಿಯರ್ ಕಥೆ ಹೇಳುತ್ತಿದ್ದೆ. ಹಿಂದಿನ ರಾತ್ರಿ ಓದಿದ್ದು, ನಿದ್ದೆಯೇ ಬಂದಿರಲಿಲ್ಲ.

"ಎರಡು ವರ್ಷದ ಕೂಸು ಅಮ್ಮಾ. ಆಫ್ರಿಕಾದಿಂದ ತಾಯಿ, ಮೂವರು ಅಕ್ಕಂದಿರ ಜೊತೆ ಹಡಗಿಗೆ ತುಂಬಿದರು. ಅಮೆರಿಕದಲ್ಲಿ ತಾಯಿ, ಮಗು, ಒಬ್ಬ ಅಕ್ಕ ಒಬ್ಬ ಧಣಿಯ ಪಾಲಾದರು. ಇನ್ನಿಬ್ಬರನ್ನು ಬೇರೆಯವನಿಗೆ ಮಾರಿದರು."

ಅಮ್ಮನ ಕೈ ಜಡೆಯ ನಡುವೆಯೇ ನಿಂತಿತು. "ಆಮೇಲೆ ಸಿಕ್ಕಿದ್ರಾ ಆ ಇಬ್ಬರು?"

"ಇಲ್ಲ."

"ಒಂದ್ಸಲಾನೂ?"

ಹಡಗಿನ ಹೆಸರು ಕ್ಲೋಟಿಲ್ಡಾ. ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ಎಂಬ ಕೊಲ್ಲಿಗೆ ಬಂದದ್ದು 1860ರಲ್ಲಿ, ಸುಮಾರು 110 ಜನರನ್ನು ಹೊತ್ತು. ಹೊರಗಿನಿಂದ ಗುಲಾಮರನ್ನು ತರಬಾರದೆಂಬ ಕಾನೂನು 1808ರಿಂದಲೇ ಇತ್ತು. ಅದಕ್ಕೇ ಸಾಕ್ಷಿ ಉಳಿಯದಂತೆ ಹಡಗನ್ನೇ ಸುಟ್ಟರು. ಅವರನ್ನೆಲ್ಲ ತರಿಸಿದ ಧಣಿ ಟಿಮೊಥಿ ಮೆಹರ್‌ಗೆ ಶಿಕ್ಷೆ ಆಗಲಿಲ್ಲ. ಆಮೇಲೆ ಬಿಡುಗಡೆಯಾದವರು ಊರು ಕಟ್ಟಿಕೊಳ್ಳಲು ಜಾಗ ಕೇಳಿದಾಗ ಅವನು ಒಂದು ತುಂಡು ನೆಲವನ್ನೂ ಸುಮ್ನೆ ಕೊಡಲಿಲ್ಲ. ಅವರು ದುಡಿದು, ದುಡ್ಡು ಕೂಡಿಸಿ, ಜಾಗ ಕೊಂಡು ಆಫ್ರಿಕಾಟೌನ್ ಎಂಬ ಊರು ಕಟ್ಟಿದರು. ಆ ಮೆಹರ್ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದರೆ, ಹೆಸರು ಬರೆಯುವಾಗಲೂ ಕೈ ಬಿಗಿಯಾಗುತ್ತದೆ.

ಬಂದ ಹೊಸದರಲ್ಲಿ ಮಟಿಲ್ಡಾಳ ತಾಯಿ ಮಕ್ಕಳನ್ನು ಕರೆದುಕೊಂಡು ಓಡಿಹೋಗಿ ಜೌಗಿನಲ್ಲಿ ಅಡಗಿದ್ದಳು. ನಾಯಿಗಳು ವಾಸನೆ ಹಿಡಿದವು. ಎಪ್ಪತ್ತು ವರ್ಷದ ಮೇಲೆ, 1931ರಲ್ಲಿ, ಅದೇ ಮಗು ಮುದುಕಿಯಾಗಿ ಸುಮಾರು 24 ಕಿಲೋಮೀಟರ್ ನಡೆದು ಅಲಬಾಮಾದ ಸೆಲ್ಮಾ ಪಟ್ಟಣದ ಕೋರ್ಟಿಗೆ ಹೋದಳು. ಕದ್ದು ತಂದದ್ದಕ್ಕೆ ಪರಿಹಾರ ಕೇಳಿದಳು. ಕೊಡಲಿಲ್ಲ. ಬರಿಗೈಯಲ್ಲಿ ವಾಪಸ್ಸಾದ ಆ ದಾರಿ ನನ್ನ ಕಣ್ಣಿಂದ ಹೋಗುತ್ತಲೇ ಇಲ್ಲ.

ಅವಳು ತೀರಿಕೊಂಡದ್ದು 1940ರ ಜನವರಿಯಲ್ಲಿ. ಆಗ ನಮ್ಮಜ್ಜಿ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದಳು. ಅಷ್ಟು ಹತ್ತಿರದ ಮಾತು ಇದು.

ಕೊನೆಯವರೆಗೂ ಮಟಿಲ್ಡಾ ತಲೆಗೂದಲನ್ನು ಪಶ್ಚಿಮ ಆಫ್ರಿಕಾದ ತನ್ನ ಯೊರುಬಾ ಜನರ ರೀತಿಯಲ್ಲೇ ಕಟ್ಟುತ್ತಿದ್ದಳಂತೆ. ಇದನ್ನು ಹೇಳಿದಾಗ ಅಮ್ಮ, "ತಾಯಿ ಕಲಿಸಿರ್ತಾಳೆ" ಅಂದಳು. ಜಡೆ ಬಿಚ್ಚಿ ಮೊದಲಿನಿಂದ ಹೆಣೆದಳು. ಮಗಳು ಗೊಣಗಿದಳು.

ಆ ಹಡಗಿನಲ್ಲಿ ಬಂದವರಲ್ಲಿ ಕೊನೆಯವರೆಗೆ ಬದುಕಿದ್ದವಳು ಎಂದು ಈಗ ಮಟಿಲ್ಡಾಳನ್ನು ಗುರುತಿಸುತ್ತಾರೆ. ಅದನ್ನೂ ಅಮ್ಮನಿಗೆ ಹೇಳಿದ್ದೆ. ಅಮ್ಮ ಆಗ ಏನೂ ಅನ್ನಲಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಾ ಇದ್ದಕ್ಕಿದ್ದಂತೆ ಅಂದಳು: "ಆ ಸಣ್ಣದಕ್ಕೆ ಊರು ಎಲ್ಲಿ ನೆನಪಿರುತ್ತೆ? ಆ ದೊಡ್ಡ ಹುಡುಗಿಯರಿಗೆ ಎಲ್ಲಾ ನೆನಪಿತ್ತು, ಅಲ್ವಾ?"