ಅಳಿಸಿದ ಫೈಲು ಹಿಡಿದಿಟ್ಟ ಜಾಗ

11 ನವೆಂಬರ್ 2025, ಮಂಗಳವಾರ

ಕಾಲೇಜಿನವರು ಇಂಟರ್ನೆಟ್‌ಗೆ ಹೋಗೋ ದಾರಿಯಾದ ಪ್ರಾಕ್ಸಿ ಸರ್ವರ್‌ನ ಡಿಸ್ಕ್ ಮತ್ತೆ ತುಂಬಿದೆ. ಅದರಲ್ಲಿ ಓಡೋ ಸ್ಕ್ವಿಡ್ ಅನ್ನೋ ಸಾಫ್ಟ್‌ವೇರ್ ಪುಟಗಳ ನಕಲನ್ನು ಕ್ಯಾಶ್‌ನಲ್ಲಿ ಕೂಡಿಡುತ್ತೆ. ಕ್ಯಾಶ್, ಲಾಗ್ ಎಲ್ಲ ಇರೋ 100 ಜಿಬಿಯ /ವಾರ್ ಭಾಗ ಶೇ. 97ಕ್ಕೆ ಬಂದು ನಿಂತಿತ್ತು. ನಮ್ಮ ಲ್ಯಾಬಿನ ಹುಡುಗ ಬಾಗಿಲಲ್ಲೇ ನಿಂತು, "ಸರ್, ಸ್ಕ್ವಿಡ್ ಕ್ಯಾಶ್ ಪೂರ್ತಿ ಅಳಿಸಿಬಿಡ್ಲಾ? ಅದೇ ಬೆಳೀತಿರೋದು" ಅಂದ.

"ತಡಿ ಮಾರಾಯ, ಮೊದಲು ಅಳತೆ ನೋಡು."

ಎಲ್ಲರಿಗೂ ಮೊದಲ ಅನುಮಾನ ಕ್ಯಾಶ್ ಮೇಲೇ. ಆದರೆ ಅದಕ್ಕೆ ಮೂಗುದಾರ ಇದೆ. ಕ್ಯಾಶ್ ಡೈರೆಕ್ಟರಿಗೆ ನಾವು ಕೊಟ್ಟಿರೋದು 20000 ಎಂಬಿ. ಶೇ. 90 ದಾಟಿದರೆ ಸ್ಕ್ವಿಡ್ ಹಳೆಯದನ್ನು ಹೊರಹಾಕೋಕೆ ಶುರು ಮಾಡುತ್ತೆ, 95ರ ಹತ್ತಿರ ಬಂದರೆ ಇನ್ನೂ ಜೋರಾಗಿ. ಫೈಲುಗಳ ಗಾತ್ರ ಕೂಡಿಸೋ ಡಿಯು ಕಮಾಂಡ್ ಹಾಕಿಸಿದೆ. 18 ಜಿಬಿ. ತನ್ನ ಗೆರೆಯೊಳಗೇ ಇದೆ.

ಇಡೀ /ವಾರ್‌ಗೆ ಹಾಕಿದರೂ ಡಿಯು ಲೆಕ್ಕ 31 ಜಿಬಿ. ಡಿಸ್ಕಿನಲ್ಲಿ ತುಂಬಿರೋ ಜಾಗ ಹೇಳೋ ಡಿಎಫ್ ಮಾತ್ರ 97 ಅಂತಿದೆ.

"ಸರ್, ಇದರಲ್ಲಿ ಸುಳ್ಳು ಯಾವುದು?"

"ಎರಡೂ ನಿಜ. ಡಿಯು ಹೆಸರಿರೋ ಫೈಲುಗಳನ್ನ ಎಣಿಸುತ್ತೆ. ಹೆಸರು ಅಳಿಸಿಹೋಗಿ ಜಾಗ ಬಿಡದೆ ಕೂತಿರೋದು ಡಿಎಫ್‌ಗೆ ಮಾತ್ರ ಗೊತ್ತಾಗುತ್ತೆ."

ತೆರೆದಿರೋ ಫೈಲುಗಳ ಪಟ್ಟಿ ಕೊಡೋ ಎಲ್‌ಎಸ್‌ಓಎಫ್ ಓಡಿಸಿದ್ವಿ. ಸಿಕ್ಕಿತು: ಆಕ್ಸೆಸ್ ಲಾಗ್ (ಪ್ರತಿ ಭೇಟಿಯನ್ನೂ ಬರೆದಿಡೋ ಫೈಲು), ಪಕ್ಕದಲ್ಲಿ 'ಡಿಲೀಟೆಡ್', 66 ಜಿಬಿ. ಹಳಬರು ಯಾರೋ, ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಮಾಡಿಸೋ ಕ್ರಾನ್‌ನಲ್ಲಿ, ವಾರಕ್ಕೊಮ್ಮೆ ಲಾಗನ್ನು ನೇರ ಆರ್‌ಎಂ (ಅಳಿಸೋ ಕಮಾಂಡ್) ಮಾಡೋ ಹಾಗೆ ಹಾಕಿಟ್ಟಿದ್ದರು. ಮೊದಲ ವಾರ ಹೆಸರು ಹೋಯಿತು. ಹಿನ್ನೆಲೆಯಲ್ಲಿ ಲಾಗ್ ಬರೆಯೋ ಪ್ರೋಗ್ರಾಂ, ಲಾಗ್ ಡೀಮನ್, ತೆರೆದ ಫೈಲನ್ನು ಬಿಡಲಿಲ್ಲ, ಬರೀತಾನೇ ಇತ್ತು. ಮುಂದಿನ ವಾರಗಳಲ್ಲಿ ಆರ್‌ಎಂಗೆ ಅಳಿಸೋಕೆ ಏನೂ ಸಿಗಲಿಲ್ಲ. ಹೋದ ಸಲ ಸ್ಕ್ವಿಡ್ ರೀಸ್ಟಾರ್ಟ್ ಮಾಡಿದಾಗ ಆ ಫೈಲು ಮುಚ್ಚಿ ಜಾಗ ವಾಪಸ್ ಬಂತಲ್ಲ, ಅದಕ್ಕೇ ಎಲ್ಲರೂ ಕ್ಯಾಶ್‌ದೇ ಕಾಟ ಅಂದುಕೊಂಡರು.

ತೆರೆದ ಲಾಗನ್ನು ಮುಚ್ಚಿ ಹೊಸದು ಶುರು ಮಾಡೋ 'ಸ್ಕ್ವಿಡ್ -ಕೆ ರೊಟೇಟ್' ಕೊಟ್ಟೆವು. ಡಿಎಫ್ 31ಕ್ಕೆ ಇಳಿಯಿತು. ಕ್ರಾನ್‌ಗೂ ಅದನ್ನೇ ಹಾಕಿದ್ದೇವೆ. ಕ್ಯಾಶ್‌ನಲ್ಲಿ ಏನಿದೆ ಅನ್ನೋ ಪಟ್ಟಿಯಾದ ಸ್ವಾಪ್ ಸ್ಟೇಟ್ ಫೈಲನ್ನೂ ಅದೇ ಚಿಕ್ಕದು ಮಾಡುತ್ತೆ. ಹುಡುಗನ ಮುಖ ನೋಡಬೇಕಿತ್ತು! ಇಂಥ ಖುಷಿ ಈ ಕೆಲಸದಲ್ಲಿ ದಿನಾ ಸಿಗಲ್ಲ.

ಆದರೆ ರೊಟೇಟ್ ಮಾಡೋ ಮೊದಲು ಓಡುತ್ತಿರೋ ಪ್ರೋಗ್ರಾಂ ತೆರೆದಿಟ್ಟ ಫೈಲುಗಳನ್ನು ತೋರಿಸೋ /ಪ್ರಾಕ್ ಮೂಲಕ ಆ ಲಾಗಿನ ಕೊನೆಯ ಸಾಲುಗಳನ್ನು ನೋಡಿದ್ದೆ. ಅದು ಈಗಲೂ ತಲೆಯಲ್ಲಿ ಕೊರೀತಿದೆ. 1762ರಿಂದ ಶುರುವಾಗೋ ಎಪಕ್ ಸಮಯ (1970ರಿಂದ ಎಣಿಸಿದ ಸೆಕೆಂಡುಗಳು), ಕಂಪ್ಯೂಟರಿನ ವಿಳಾಸವಾದ ಐಪಿ, ಟಿಸಿಪಿ ಟನಲ್, ಕನೆಕ್ಟ್, 443. ಹೆಚ್ಚುಕಡಿಮೆ ಎಲ್ಲ ಸಾಲೂ ಹೀಗೇ. 1996ರಲ್ಲಿ ಸ್ಕ್ವಿಡ್ ಬಂದಾಗ ಪುಟಗಳು ತೆರೆದೇ ಓಡಾಡುತ್ತಿದ್ದವು, ಕೂಡಿಟ್ಟುಕೊಳ್ಳಬಹುದಿತ್ತು. ಈಗ ಗೂಢಲಿಪಿಯ ಸುರಂಗದೊಳಗೆ (ಅದೇ ಆ ಟನಲ್) ಹೋಗೋದು ಅದಕ್ಕೆ ಕಾಣೋದೇ ಇಲ್ಲ. ಕ್ಯಾಶ್‌ಗೆ ಸೇರೋದು ತೀರಾ ಕಡಿಮೆ. ಬೆಳೆಯೋದು ಯಾರು ಎಲ್ಲಿಗೆ ಹೋದರು ಅನ್ನೋ ಪಟ್ಟಿ.

ರಾತ್ರಿ ಎರಡರ ಹೊತ್ತಿಗೆ ಹಾಸ್ಟೆಲಿನ ಒಂದೇ ಐಪಿಯಿಂದ ಸಾಲಾಗಿ ಕೆಲಸ ಹುಡುಕೋ ಸೈಟುಗಳು. ಫೈನಲ್ ಇಯರ್ ಮಗುವೇ ಇರಬೇಕು. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬರಲಿಲ್ಲವೋ ಏನೋ. ಅದನ್ನ ನಾನು ಓದಬಾರದು, ನನ್ನ ನಂತರ ಬರುವವರೂ ಓದಬಾರದು.

ಎಷ್ಟು ದಿನದ ಲಾಗ್ ಇಡೋದು ಅಂತ ನಾಳೆ ಎಚ್‌ಒಡಿ ಹತ್ರ ಕೇಳಬೇಕು. ಈಗ 66 ಜಿಬಿ ಖಾಲಿ ಆಗಿದೆಯಲ್ಲ, ವರ್ಷದ್ದು ಇಡಿ ಅಂದುಬಿಟ್ಟರೆ