ಚಿಕ್ಕಪ್ಪನ ಮಿಲ್ಸ್ ಎಂಜಿನ್

ನಮ್ಮ ಮನೆಯ ಅಟ್ಟದಲ್ಲಿ, ಹಳೆಯ ಕಾಫಿ ಚೀಲಗಳ ಹಿಂದೆ ಬಿದ್ದಿದ್ದ ತಗಡಿನ ಡಬ್ಬಿಯೊಂದರಲ್ಲಿ ಚಿಕ್ಕಪ್ಪನ ಮಿಲ್ಸ್ 1.3 ಎಂಬ ಮಾದರಿ ವಿಮಾನದ ಎಂಜಿನ್ ಸುಮಾರು ನಲವತ್ತು ಮಳೆಗಾಲಗಳನ್ನು ಕಳೆದಿತ್ತು. ಎನ್‌ಸಿಸಿ ವಾಯುದಳದಲ್ಲಿ ಕೆಡೆಟ್ ಆಗಿದ್ದಾಗ ಏರೋಮಾಡೆಲಿಂಗ್ ಕಲಿತಿದ್ದ ಅವರು, ಹುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆಯ ನಡುವೆ ನಿಂತು, ಎರಡು ತಂತಿಗಳ ತುದಿಯಲ್ಲಿ ಬಾಲ್ಸಾ ಮರದ ವಿಮಾನವನ್ನು ತಮ್ಮ ಸುತ್ತ ಹಾರಿಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿ ಹುತಾತ್ಮರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕೊಡಗು ಜಿಲ್ಲೆಯಲ್ಲಿ ಬೆಳೆದ ನಮಗೆ ಆ ಪುಟ್ಟ ಎಂಜಿನ್ನಿನ ಸದ್ದು ಬರಿಯ ಆಟಿಕೆಯ ಸದ್ದಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ 1946ರಲ್ಲಿ ಬಂದ ಈ 1.3 ಸಿಸಿ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಬ್ಯಾಟರಿಯೂ ಬೇಕಿಲ್ಲ. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಗಳನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿದ ಇಂಧನವೇ ಇದರ ಆಹಾರ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ತಾನಾಗಿ ಹೊತ್ತಿಕೊಳ್ಳುವ ಈಥರ್, ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ ಉರಿಯುತ್ತದೆ. ಸಿಲಿಂಡರಿನ ನೆತ್ತಿಯಲ್ಲಿ ಕಾಂಟ್ರಾ ಪಿಸ್ಟನ್ ಎಂಬ ಇನ್ನೊಂದು ಬಿಲ್ಲೆಯಿದ್ದು, ಮೇಲಿನ ಸ್ಕ್ರೂ ತಿರುಗಿಸಿ ಅದನ್ನು ಕೆಳಗಿಳಿಸಿದರೆ ಒತ್ತಡ ಹೆಚ್ಚುತ್ತದೆ. ಎಂಜಿನ್ ಓಡುತ್ತಿರುವಾಗಲೇ ಈ ಹೊಂದಾಣಿಕೆ ಮಾಡಬಹುದು.

ಡಬ್ಬಿ ತೆರೆದಾಗ ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟ್ ಕದಲಲಿಲ್ಲ. ತುಕ್ಕು ಹಿಡಿದಿದೆಯೆಂದೇ ಭಾವಿಸಿದ್ದೆ, ಆದರೆ ಅದನ್ನು ಕಟ್ಟಿಹಾಕಿದ್ದು ಅಂಟಿನಂತೆ ಗಟ್ಟಿಯಾಗಿದ್ದ ಹಳೆಯ ಹರಳೆಣ್ಣೆ. ನಮ್ಮಲ್ಲಿಯ ಜೂನ್, ಜುಲೈ ತಿಂಗಳ ತೇವಕ್ಕೆ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಉಕ್ಕಿನ ಸಿಲಿಂಡರನ್ನು ಅಷ್ಟು ವರ್ಷ ಕಾಪಾಡಿದ್ದು ಪ್ರಾಯಶಃ ಅದೇ ಅಂಟು. ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್‌ನಲ್ಲಿ ಮುಳುಗಿಸಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ, ಮನೆಯ ಹೊರಗೆ, ಕುದಿಯದಂತೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಸಿಮಾಡಿದೆ. ಎರಡನೆಯ ದಿನ ಶಾಫ್ಟ್ ಬೆರಳಿಗೆ ಸಡಿಲವಾಯಿತು.

ಪಿಸ್ಟನ್ನನ್ನು ಮಾತ್ರ ನಾನು ಉಜ್ಜಲಿಲ್ಲ. ಇಂತಹ ಎಂಜಿನ್ನುಗಳಲ್ಲಿ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಉಕ್ಕಿನ ಸಿಲಿಂಡರಿಗೆ ಪಿಸ್ಟನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಹೊಂದಿಕೊಂಡಿರುವುದೇ ಅದರ ಜೀವ. ಹಿಂದೊಮ್ಮೆ ಇನ್ನೊಂದು ಎಂಜಿನ್ನಿನ ಪಿಸ್ಟನ್ನನ್ನು ಫಳಫಳ ಹೊಳೆಯಲೆಂದು ಎಮರಿ ಕಾಗದದಿಂದ ತಿಕ್ಕಿ, ಅದು ಮತ್ತೆಂದೂ ಒತ್ತಡ ಹಿಡಿಯದಂತೆ ಕೆಡಿಸಿದ್ದೇನೆ. ಆ ಸಂಕಟ ಇಂದಿಗೂ ಹೋಗಿಲ್ಲ. ಹಾಗಾಗಿ ಎಂಜಿನ್ನಿನ ಹೊರಕವಚವಾದ ಕ್ರ್ಯಾಂಕ್‌ಕೇಸಿನ ಮಾಸಿದ ಬೂದುಬಣ್ಣವನ್ನೂ ಇದ್ದಂತೆಯೇ ಉಳಿಸಿದೆ.

ಹೊಸದಾಗಿ ಸೇರಿಸಿದ್ದು ಇಂಧನದ ತೊಟ್ಟಿಯೊಂದನ್ನೇ. ಎಂಜಿನ್ನಿನ ಹಿಂಬದಿಗೆ ನೇತಾಡುವ ಮೂಲ ತೊಟ್ಟಿ ತೀರ ಚಿಕ್ಕದು. ವಿಮಾನ ವೃತ್ತಾಕಾರವಾಗಿ ಹಾರುವಾಗ ಇಂಧನ ಹೊರಬದಿಗೆ ಒತ್ತಿಕೊಳ್ಳುವುದರಿಂದ, ತೆಳು ಹಿತ್ತಾಳೆ ತಗಡನ್ನು ಬೆಣೆಯ ಆಕಾರದಲ್ಲಿ ಬೆಸುಗೆ ಹಾಕಿ, ಇಂಧನ ಹೀರುವ ನಳಿಗೆಯ ಬಾಯಿ ಹೊರಗಿನ ಚೂಪು ಮೂಲೆಯಲ್ಲಿರುವಂತೆ ಮಾಡಿದೆ. ಇದಕ್ಕಾಗಿ ಎಂಜಿನ್ನಿನ ಮೈಯಲ್ಲಿ ಒಂದು ರಂಧ್ರವನ್ನೂ ಕೊರೆದಿಲ್ಲ. ಹಳೆಯ ತೊಟ್ಟಿಯನ್ನು ಯಾವಾಗ ಬೇಕಾದರೂ ಮರಳಿ ಕೂರಿಸಬಹುದು. ಬದಲಾವಣೆ ಎಷ್ಟಿರಬೇಕೆಂಬ ಪ್ರಶ್ನೆಗೆ ನನ್ನ ಲೆಕ್ಕ ಅಷ್ಟೇ.

ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಯ ಪಕ್ಕದಲ್ಲಿ ಅದನ್ನೂ ಇಟ್ಟು ಹೂವೇರಿಸಿದೆವು. ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಮರದ ಹಲಗೆಗೆ ಬಿಗಿದು, ಪ್ರೊಪೆಲ್ಲರನ್ನು ಬೆರಳಿನಿಂದ ಹೊಡೆಯತೊಡಗಿದೆ. ಹತ್ತಾರು ಸಲ ಹೊಡೆದರೂ ಹತ್ತಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದ ಚಿಕ್ಕಪ್ಪ, “ಒಳಗೆ ಇಂಧನ ಹೆಚ್ಚಾಗಿದೆ, ಸ್ಕ್ರೂ ಕಾಲು ಸುತ್ತು ಬಿಡು” ಎಂದರು. ಬಿಟ್ಟು ಹೊಡೆದ ಮೂರನೆಯ ಪೆಟ್ಟಿಗೆ ಅದು ಹತ್ತಿಕೊಂಡಿತು, ಆದರೆ ಹಿಮ್ಮುಖವಾಗಿ ತಿರುಗುತ್ತಿತ್ತು; ಪಿಸ್ಟನ್ನಿನ ಅಂಚೇ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಈ ವಿನ್ಯಾಸದಲ್ಲಿ ಎಂಜಿನ್ ಎರಡೂ ದಿಕ್ಕಿಗೆ ಓಡಬಲ್ಲದು. ನಿಲ್ಲಿಸಲು ಕೈ ಚಾಚಿದಾಗ ಚಿಕ್ಕಪ್ಪ ಬೇಡವೆಂದರು. ತೊಟ್ಟಿ ಬರಿದಾಗುವವರೆಗೂ ಇಬ್ಬರೂ ಅದರ ಸದ್ದನ್ನು ಕೇಳುತ್ತ ಕುಳಿತೆವು.